ಹೊಲಿಗೆ ಬಿಚ್ಚಿದ ಕಾದಂಬರಿ

ದುರುಗೇಶನ ಫಜೀತಿಗೆಲ್ಲ ಕಾರಣ ಒಂದು ಸೂಜಿ. ಅಲ್ಲ, ಸೂಜಿಯದೇನು ತಪ್ಪು ಪಾಪ, ಅದನ್ನು ಹಿಡಿದವರದು ಅನ್ನಬೇಕು.

ಚಳ್ಳಕೆರೆಯ ಅವನ ಓಣಿಯ ಹೆಂಗಸರಿಗೆ ಕಾದಂಬರಿ ಹುಚ್ಚು. ಬಾಡಿಗೆ ಲೈಬ್ರರಿಯಿಂದ ಪುಸ್ತಕ ತರುವುದು, ಬೆನ್ನಿನ ಹೊಲಿಗೆ ಬಿಚ್ಚಿ ಮೂರು ಮನೆಯವರು ಹಂಚಿಕೊಂಡು ಓದುವುದು, ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದು, ಕೊನೆಗೆ ಮತ್ತೆ ಹೊಲಿದು ವಾಪಸ್ಸು ಕೊಡುವುದು. ತನ್ನ ಪುಸ್ತಕಗಳು ಬರಬರುತ್ತ ಗಟ್ಟಿಯಾಗುವುದು ಹೇಗೆಂದು ಲೈಬ್ರರಿಯವನಿಗೆ ಎಂದೂ ತಿಳಿಯಲಿಲ್ಲ.

ಆ ವಾರ ಹಂಚಿಕೆಯಾಗಿದ್ದು ‘ಮತ್ತೆ ನಿನ್ನ ಹೊಸ್ತಿಲಿಗೆ’. ಪ್ರೇಮಿಗಳಿಬ್ಬರು ಸತ್ತು, ಮತ್ತೆ ಹುಟ್ಟಿ, ಹೋದ ಜನ್ಮದ ಗುರುತು ಹುಡುಕಿಕೊಂಡು ಅಲೆಯುವ ಕತೆ. ಆ ಭಾನುವಾರವೇ ದುರುಗೇಶ ಹೆಣ್ಣು ನೋಡಲು ಮೊಳಕಾಲ್ಮೂರಿಗೆ ಹೊರಟಿದ್ದ. ಎಣ್ಣೆ ಗಿರಣಿಯಲ್ಲಿ ಕೆಲಸ, ವಯಸ್ಸು ಮೂವತ್ತು ದಾಟಿದೆ. ಮೈಯೆಲ್ಲ ಹಿಂಡಿ ವಾಸನೆ ಎಂದು ಒಂದು ಹೆಣ್ಣು, ಕಿವಿ ದೊಡ್ಡದು ಎಂದು ಇನ್ನೊಂದು, ಹೀಗೆ ಬೇಡ ಅಂದವರೇ ಎಲ್ಲ. ಈ ಸಲ ಮಾತ್ರ ಅವನ ಮನಸ್ಸು ಕೂತುಬಿಟ್ಟಿತ್ತು. ಶಾಂತಕುಮಾರಿಯ ಫೋಟೊ ಅಂಗಿ ಬದಲಾದರೂ ಜೇಬು ಬಿಟ್ಟಿರಲಿಲ್ಲ.

ಸಂಬಂಧ ತಂದಿದ್ದ ಪಕ್ಕದ ಮನೆ ನಾಗಕ್ಕ ಬೆಳಿಗ್ಗೆಯೇ ಓಡಿಬಂದಳು.

“ದುರುಗೇಶಾ, ಒಂದ್ ವಿಷ್ಯ ಹೇಳೋದೇ ಮರ್ತಿದ್ದೆ ಕಣೋ. ಆ ಹುಡುಗಿ ಬಂದ ಗಂಡಿಗೆಲ್ಲ ‘ನನ್ನ ಗುರುತು ಸಿಕ್ತಾ?’ ಅಂತ ಕೇಳ್ತಾಳಂತೆ. ‘ಇಲ್ಲಮ್ಮ, ಇವತ್ತೇ ನೋಡ್ತಿರೋದು’ ಅಂದೋರ್ನೆಲ್ಲ ಉಪ್ಪಿಟ್ಟು ತಿನ್ಸಿ ಕಳ್ಸವ್ಳೆ. ನಾವು ಹಂಚ್ಕೊಂಡಿರೋ ಈ ಕಾದಂಬರೀನೇ ಅವಳೂ ಓದವ್ಳೆ, ಆಗಿಂದ ಹಿಂಗಂತೆ!”

“ಅಯ್ಯೋ, ಮತ್ತೇನು ಅನ್ಬೇಕು ನಾಗಕ್ಕ?”

“ನಡುವಿನ ಭಾಗ ನನ್ ಹತ್ರಾನೇ ಐತೆ. ಅದ್ರಾಗೆ ಅವನು ಅವಳ ಮನೆ ನೀರು ಕುಡ್ದು, ‘ಆ ಜನ್ಮದಲ್ಲೂ ನಿಮ್ಮನೆ ನೀರು ಹೀಗೇ ಉಪ್ಪಾಗಿತ್ತು’ ಅಂತಾನೆ. ಅವಳು ಅಲ್ಲೇ ಮೂರ್ಛೆ! ನೀನೂ ಅಷ್ಟೇ ಅನ್ನು.”

“ಆಮೇಲೇನಾಗ್ತೈತೆ?”

“ಆಮೇಲಿಂದು ಎದುರು ಮನೆ ಶಹನಾಜ್ ಹತ್ರ ಐತೆ. ಬಸ್ಸಿನಾಗೆ ಓದ್ತೀನಿ ಅಂತ ಚೀಲಕ್ಕೆ ಹಾಕ್ಕೊಂಡು ಹಿರಿಯೂರಿಗೆ ಹೋದ್ಳು, ಸಂಜೆಗೆ ಬರ್ತಾಳೆ. ಆಮೇಲೆ ಏನಾಗ್ತೈತೆ ಬಿಡು, ಮದ್ವೆ ತಾನೇ?”

ದುರುಗೇಶನ ಸೋದರತ್ತೆಯ ಮಗ ಹೊನ್ನೂರಸ್ವಾಮಿ ಬಾಡಿಗೆಗೆ ಓಡಿಸುವ ತನ್ನ ಟ್ರ್ಯಾಕ್ಸ್ ಗಾಡಿ ತಂದ. ಅವ್ವ, ನಾಗಕ್ಕ ಹತ್ತಿದರು. ತಳಕು ದಾಟುವವರೆಗೂ ಪಾಠ ನಡೆಯಿತು. “ಕಣ್ಣು ಅರ್ಧ ಮುಚ್ಚೋ, ಹಳೇ ಜನ್ಮ ನೆನಪಾದಂಗೆ ಕಾಣ್ಬೇಕು. ಅಷ್ಟಲ್ಲ ಕಣೋ, ತೂಕಡಿಸ್ದಂಗೈತೆ!” ಹಾನಗಲ್ ಬರುವಷ್ಟರಲ್ಲಿ ಹೊನ್ನೂರಸ್ವಾಮಿಗೂ ಉಪ್ಪುನೀರಿನ ಮಾತು ಬಾಯಿಪಾಠವಾಗಿತ್ತು.

ಹೆಣ್ಣಿನವರದು ಮಗ್ಗದ ಮನೆ. ರೇಷ್ಮೆ ಸೀರೆ ನೇಯುವವರು ಕಾಲಿಳಿಬಿಟ್ಟು ಕೂರುವ ಗುಂಡಿ ನಡುಮನೆಯಲ್ಲೇ ಇತ್ತು. “ಜಾಗ್ರತ್ತ ಬಾಬೂ!” ಎಂದು ಹೆಣ್ಣಿನ ಅಪ್ಪ ಬೋರಯ್ಯ ತೆಲುಗಿನಲ್ಲಿ ಕೂಗುವಷ್ಟರಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡೇ ಬಂದ ದುರುಗೇಶ ಸೊಂಟದವರೆಗೆ ಗುಂಡಿಯೊಳಗಿದ್ದ.

ಒಂದು ರಟ್ಟೆಯನ್ನು ಹೊನ್ನೂರಸ್ವಾಮಿ ಹಿಡಿದ, ಇನ್ನೊಂದನ್ನು ಒಳಗಿಂದ ಓಡಿಬಂದ ಶಾಂತಕುಮಾರಿ. ಇಬ್ಬರೂ ಸೇರಿ ಮೇಲೆತ್ತಿದರು. ಎತ್ತಿದ ಮೇಲೂ ಸ್ವಲ್ಪ ಹೊತ್ತು ಇಬ್ಬರೂ ರಟ್ಟೆ ಬಿಡಲಿಲ್ಲ. ನನ್ನ ಮೇಲೆ ಎಷ್ಟು ಕಾಳಜಿ ಎಂದು ದುರುಗೇಶ ಹಿಗ್ಗಿಹೋದ.

ಕಾಫಿ ಲೋಟ ಕೊಡುತ್ತ ಅವಳು ಮೆಲ್ಲಗೆ ಕೇಳಿದಳು.

“ನಿಮ್ಮನ್ನ ಎತ್ತಿದ್ರಲ್ಲ, ಅವ್ರು ನಿಮಗೇನಾಗ್ಬೇಕು?”

“ಅವ್ನಾ? ನಮ್ ಸ್ವಂತ ಅತ್ತೆ ಮಗ. ಟ್ರ್ಯಾಕ್ಸ್ ಅವಂದೇ.”

“ಮದ್ವೆ ಆಗೈತಾ?”

“ಎಲ್ಲೀದು! ಊರೋರ್ನೆಲ್ಲ ಹೆಣ್ಣು ನೋಡೋಕೆ ಕರ್ಕೊಂಡ್ ಹೋಗೋದ್ರಾಗೆ ಅವನಿಗೆ ಪುರುಸೊತ್ತೇ ಇಲ್ಲ.”

ಅವಳು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ, “ನನ್ನ ಗುರುತು ಸಿಕ್ತಾ?” ಅಂದಳು.

ದುರುಗೇಶನ ಎದೆ ಗಿರಣಿಯಂತೆ ಬಡಿದುಕೊಂಡಿತು. ನೀರು ಕೇಳುವುದು ಮರೆತು, ಕೈಯಲ್ಲಿದ್ದದ್ದನ್ನೇ ಒಂದು ಗುಟುಕು ಕುಡಿದು, “ಆ ಜನ್ಮದಲ್ಲೂ ನಿಮ್ಮನೆ ಕಾಫಿ ಹೀಗೇ ಉಪ್ಪಾಗಿತ್ತು” ಎಂದುಬಿಟ್ಟ.

ಶಾಂತಕುಮಾರಿ ಎದೆ ಮೇಲೆ ಕೈಯಿಟ್ಟುಕೊಂಡಳು. ಕಣ್ಣಲ್ಲಿ ನೀರು.

“ಅಣ್ಣಾ! ನೀನೇನಾ!”

ನಾಗಕ್ಕನ ಬಾಯಿಂದ ಬಾಳೆಹಣ್ಣು ಜಾರಿತು.

“ಕಾದಂಬರಿ ಕೊನೇಲಿ ಗೊತ್ತಾಗ್ತೈತಲ್ಲ? ಉಪ್ಪು ಅಂದೋನು ಅವಳ ಗಂಡ ಅಲ್ಲ, ಹೋದ ಜನ್ಮದ ಒಡಹುಟ್ಟಿದ ಅಣ್ಣ!” ಅಂದಳು ಶಾಂತಕುಮಾರಿ.

“ಕೊನೇದು ನಾನು ಓದಿಲ್ಲ ಕಣಪ್ಪಾ” ಎಂದು ನಾಗಕ್ಕ ದುರುಗೇಶನ ಕಡೆ ತಿರುಗಿ ಕೈ ಅಲ್ಲಾಡಿಸಿದಳು.

ದುರುಗೇಶನಿಗೆ ಅಳು ಬಂತು. ಆದರೆ ಅಷ್ಟರಲ್ಲಿ ಆ ಹುಡುಗಿ ಅವನ ಕಾಲಿಗೆ ಬಿದ್ದು ಬಿಕ್ಕುತ್ತಿದ್ದಳು. ಒಬ್ಬನೇ ಮಗನಾಗಿ ಬೆಳೆದವನು. ಅವನಿಗಾಗಿ ಇಷ್ಟು ಪ್ರೀತಿಯಿಂದ ಅತ್ತವರು ಯಾರೂ ಇರಲಿಲ್ಲ. ಕರಗಿಹೋದ.

“ತಂಗಿ ಒಂದ್ ಕೇಳಿದ್ರೆ ನಡೆಸಿಕೊಡ್ತೀಯಾ ಅಣ್ಣ?”

“ಏನ್ ಬೇಕಾದ್ರೂ ಕೇಳಮ್ಮ. ಈ ಮಗ್ಗ ಮುಟ್ಟಿ ಹೇಳ್ತೀನಿ, ನಡೆಸಿಕೊಡ್ತೀನಿ.”

“ಸ್ವಂತ ಅತ್ತೆ ಮಗ ಇದ್ಮೇಲೆ ತಂಗೀನ ಹೊರಗ್ ಕೊಡ್ತಾರಾ?”

ಬೋರಯ್ಯ ಗಡ್ಡ ಕೆರೆದುಕೊಂಡ. ಅವ್ವ ಬೆರಳು ಮಡಿಸಿ ನೆಂಟಸ್ತಿಕೆಯ ವರಸೆ ಲೆಕ್ಕ ಹಾಕಿದಳು. ದುರುಗೇಶನ ತಂಗಿಗೆ ದುರುಗೇಶನ ಅತ್ತೆ ಮಗ. ವರಸೆ ಸರಿಯೇ! ಬಾಗಿಲ ಬಳಿ ನಿಂತಿದ್ದ ಹೊನ್ನೂರಸ್ವಾಮಿಯನ್ನು ಕೇಳಿದರೆ, “ಮಾವನ ಮಗಳು ಅಂದ್ಮೇಲೆ ಬ್ಯಾಡ ಅನ್ನೋಕಾಗ್ತೈತಾ?” ಎಂದು ಕಿವಿ ಕೆಂಪಗೆ ಮಾಡಿಕೊಂಡ. ಅಲ್ಲೇ ಎಲೆ ಅಡಿಕೆ ಬದಲಾಯಿಸಿದರು. ಬದಲಾಯಿಸಿದವನು ಹೆಣ್ಣಿನ ಅಣ್ಣ ದುರುಗೇಶನೇ.

ಸಂಜೆ ಓಣಿಯ ಬಾಯಲ್ಲಿ ಇವರು ಟ್ರ್ಯಾಕ್ಸ್ ಇಳಿಯುವುದಕ್ಕೂ ಶಹನಾಜ್ ಹಿರಿಯೂರಿನಿಂದ ಬರುವುದಕ್ಕೂ ಸರಿಹೋಯಿತು. ನಾಗಕ್ಕ, ಅವ್ವ ಇಳಿದವರೇ ಸುದ್ದಿ ಹಂಚಲು ಮನೆಮನೆಗೆ ಓಡಿದರು.

“ಕೊನೇದು ಓದಿದ್ಯಾ ಶಹನಾಜ್? ಅಣ್ಣ ಸಿಗೋದು ಓದಿ ಅಳು ಬಂದಿರ್ಬೇಕು” ಅಂದ ದುರುಗೇಶ.

“ಯಾವ ಅಣ್ಣ?” ಶಹನಾಜ್ ಚೀಲದಿಂದ ಹಾಳೆಗಳನ್ನು ತೆಗೆದಳು. “ಇದ್ರಾಗೆ ಅಣ್ಣಾನೇ ಇಲ್ಲ ದುರುಗೇಶಣ್ಣ. ಉಪ್ಪು ನೀರು ಅಂದೋನನ್ನೇ ಅವಳು ಮದ್ವೆ ಆಗ್ತಾಳೆ, ಖುಷಿಯಾಗಿ.”

ದುರುಗೇಶ ತಿರುಗಿ ನೋಡಿದ. ಆಚೆ ಹೊನ್ನೂರಸ್ವಾಮಿ ಸಿಳ್ಳೆ ಹಾಕುತ್ತ ಟ್ರ್ಯಾಕ್ಸ್ ಒರೆಸುತ್ತಿದ್ದ. ಆ ಹುಡುಗಿ ರಟ್ಟೆ ಬಿಡದೆ ನೋಡಿದ್ದು ಯಾರನ್ನು ಅನ್ನುವುದು ಈಗ ಹೊಳೆಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಎಂಥಾ ಕಿಲಾಡಿ!

ಸುದ್ದಿ ಹೇಳಲು ಹೊಕ್ಕಿದ್ದ ಮನೆಯೊಳಗಿಂದ ನಾಗಕ್ಕ ಕೂಗಿದಳು. “ಶಹನಾಜ್ ಬಂದ್ಳಾ? ಆ ಕೊನೇ ಭಾಗ ಕೊಡು, ಅಣ್ಣ ತಂಗಿ ಸೇರೋದು ನಾನೂ ಓದ್ಬೇಕು!”

ದುರುಗೇಶ ಹಾಳೆಗಳನ್ನು ಕಸಿದು ಅಂಗಿಯೊಳಗೆ ತುರುಕಿಕೊಂಡ.

“ಬಸ್ಸಿನಾಗೆ ಬಿಟ್ಬಂದೆ ಅನ್ನಮ್ಮಾ” ಎಂದು ಪಿಸುಗುಟ್ಟಿದ. “ನನ್ ತಂಗಿ ಮರ್ಯಾದೆ ಪ್ರಶ್ನೆ.”