ರಾಕ್ಷಸನಿಗೂ ಸುಸ್ತಾಗುತ್ತದೆ

ಲೋಕದಲ್ಲಿ ದಣಿವು ಬೇರೆ, ಸೋಮಾರಿತನ ಬೇರೆ. ವ್ಯತ್ಯಾಸ ಬಹಳ ಸುಲಭ. ನನಗಾದರೆ ಅದು ದಣಿವು, ಮಿಕ್ಕವರಿಗಾದರೆ ಸೋಮಾರಿತನ. ಈ ಶಾಸ್ತ್ರವನ್ನು ನಾನು ಯಾವ ಗುರುವಿನಿಂದಲೂ ಕಲಿತವನಲ್ಲ. ಆದರೂ ಒಂದು ಕಾಲದಲ್ಲಿ ಅದಕ್ಕಾಗಿ ಸಂಬಳ ತೆಗೆದುಕೊಳ್ಳುತ್ತಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ ತಿಪಟೂರಿನ ಕಡೆಯಿಂದ ತಮಿಳುನಾಡಿನ ಗಡಿಯ ಹೊಸೂರಿಗೆ ಬಂದು ಒಂದು ಕಾರ್ಖಾನೆ ಸೇರಿದ್ದೆ. ಕುತ್ತಿಗೆಗೆ ಸ್ಟಾಪ್‌ವಾಚು ನೇತುಹಾಕಿಕೊಂಡು, ಕೆಲಸ ಮಾಡುವವರ ಪಕ್ಕದಲ್ಲಿ ನಿಂತು, ಒಂದೊಂದು ಪೀಸಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಎಂಟೂವರೆಗೆ, ಆಗತಾನೆ ಕಾಫಿ ಕುಡಿದು ಹುರುಪಾಗಿರುವ ಮನುಷ್ಯ ಒಂದು ತೂತು ಕೊರೆಯಲು ಇಷ್ಟು ಹೊತ್ತು ತೆಗೆದುಕೊಂಡರೆ, ಎಂಟು ಗಂಟೆಯಲ್ಲಿ ಎಷ್ಟು ತೂತು ಕೊರೆದಾನು? ಭಾಗಾಕಾರ ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ. ಅವನು ನೀರು ಕುಡಿಯಲು ಹೋಗುವ ಹೊತ್ತನ್ನು ಮಾತ್ರ ನಾನು ಹಿಡಿಯುತ್ತಿರಲಿಲ್ಲ. ನನ್ನ ಫಾರಂನಲ್ಲಿ ‘ದಣಿವಿಗೆ ಬಿಟ್ಟುಕೊಟ್ಟ ಸಮಯ’ ಎಂದು ಒಂದು ಕಾಲಂ ಇತ್ತು, ನಿಜ. ಅದರಲ್ಲಿ ಸೊನ್ನೆ ಬರೆಯುತ್ತಿದ್ದೆ. ಬರೆಯಲು ಅತ್ಯಂತ ಸುಲಭವಾದ ಅಂಕಿ ಅದು.

ಡ್ರಿಲ್ಲಿಂಗ್ ಸೆಕ್ಷನ್‌ನಲ್ಲಿ ಮುನಿರಾಜು ಎಂಬುವನಿದ್ದ. ಕೆಲಮಂಗಲದ ಹತ್ತಿರದ ಹಳ್ಳಿಯವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ನಾನು ಪಕ್ಕದಲ್ಲಿ ವಾಚು ಹಿಡಿದು ನಿಂತರೆ ಉಳಿದವರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಇವನೊಬ್ಬ ಮಾತ್ರ ‘ಊಟ ಆಯ್ತಾ ಸಾ?’ ಎನ್ನುತ್ತಿದ್ದ. ಕ್ಯಾಂಟೀನಿನ ಹಿಂದಿನ ಹುಣಸೆಮರದ ಕೆಳಗೆ, ಊಟದ ವಿರಾಮದಲ್ಲಿ, ಇವನೇ ಕಟ್ಟಿದ ಒಂದು ಯುದ್ಧದಾಟ ನಡೆಯುತ್ತಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕಗಳನ್ನು ಗೀಚಿ ಕಾಡು, ಹೊಳೆ, ಕೋಟೆ, ಬಿಡಾರ ಬರೆದಿದ್ದ. ಒಂದು ಕಡೆ ರಾಜನ ಸೈನ್ಯ, ಇನ್ನೊಂದು ಕಡೆ ರಾಕ್ಷಸರು, ಬೇತಾಳಗಳು, ಹಾರುವ ಹುಲಿಗಳು. ಎಲ್ಲವೂ ರಿಜೆಕ್ಟ್ ಆದ ಬೋಲ್ಟುಗಳೇ. ಸಣ್ಣ ಬೋಲ್ಟು ಕಾಲಾಳು, ಅದರ ಬಲ ಎರಡು. ಹೆಬ್ಬೆರಳಿಗಿಂತ ದಪ್ಪನೆಯದು ಮಹಾರಾಕ್ಷಸ, ಅವನ ಬಲ ಆರು. ಎದುರುಬದುರಾದವರು ದಾಳ ಹಾಕಿ ಬಿದ್ದ ಅಂಕಿಯನ್ನು ತಮ್ಮ ಬಲಕ್ಕೆ ಸೇರಿಸಬೇಕು. ಹೆಚ್ಚಾದವನು ಗೆದ್ದ, ಸೋತವನು ಒಂದು ಮನೆ ಹಿಂದಕ್ಕೆ. ನಾನು ನೋಡಿದ್ದು ಅಷ್ಟೆ. ನೋಡಿದವನೇ ಮಹಾರಾಕ್ಷಸನ ಪಕ್ಷ ಸೇರಿದೆ. ನನ್ನ ವೃತ್ತಿಗೆ ಅದು ಹೊಂದುತ್ತಿತ್ತು ಎಂದು ಮಿಕ್ಕವರು ಅಂದುಕೊಂಡಿರಬೇಕು.

ಮೊದಲ ದಿನ ಮಹಾರಾಕ್ಷಸನನ್ನು ನೇರ ಮುಂದಕ್ಕೆ ನುಗ್ಗಿಸಿದೆ. ಮುನಿರಾಜು ಒಬ್ಬ ಬಡಪಾಯಿ ಕಾಲಾಳನ್ನು ತಂದು ನಿಲ್ಲಿಸಿದ. ಸೋತ. ಇನ್ನೊಬ್ಬ ಬಂದ, ಅವನೂ ಸೋತ. ಒಂದೊಂದು ಹೊಡೆದಾಟ ಮುಗಿದಾಗಲೂ ಮುನಿರಾಜು ಇಬ್ಬರ ಬೋಲ್ಟಿಗೂ ಒಂದೊಂದು ವಾಷರ್ ತೊಡಿಸುತ್ತಿದ್ದ. ನಾನು ಅದನ್ನು ಪದಕವೆಂದುಕೊಂಡು ಹಿಗ್ಗುತ್ತಿದ್ದೆ. ಮೂರನೆಯವನನ್ನೂ ಸೋಲಿಸಿ ಮೂರನೆಯ ಪದಕ ಧರಿಸಿದ ಮೇಲೆ, ಮುನಿರಾಜು ಮೊದಲು ಸೋತ ಅದೇ ಕಾಲಾಳನ್ನು ಮತ್ತೆ ತಂದ. ಅವನ ಮೈಮೇಲೆ ಒಂದು ವಾಷರೂ ಇರಲಿಲ್ಲ. ದಾಳ ಬಿತ್ತು. ನನ್ನ ಮಹಾರಾಕ್ಷಸ ಸತ್ತ.

‘ಇದೆಂಥ ಅನ್ಯಾಯ?’ ಎಂದೆ.

‘ಅದು ಸುಸ್ತು ಸಾ,’ ಎಂದ ಮುನಿರಾಜು, ವಾಷರುಗಳನ್ನು ತೋರಿಸಿ. ‘ಒಂದೊಂದು ಸುಸ್ತಿಗೆ ಬಲದಾಗೆ ಎರಡೆರಡು ಹೋಯ್ತದೆ. ಮೂರು ಬಿದ್ರೆ ಮುಂದ್ಕೆ ನುಗ್ಗಂಗಿಲ್ಲ. ಆಗ ಯಾರಾನ ಬಂದು ಗೆದ್ರೆ, ಕತೆ ಮುಗೀತು. ಒಂದು ಸರ್ತಿ ಸುಮ್ಕೆ ನಿಂತ್ರೆ ಒಂದು ವಾಷರ್ ತೆಗೀಬೋದು, ಬಿಡಾರಕ್ಕೋಗಿ ನಿಂತ್ರೆ ಎರಡು. ನನ್ನ ಕಾಲಾಳು ಸೋತು ಹಿಂದ್ಕೋದ, ಸುಧಾರಿಸ್ಕಂಡು ಬಂದ.’

‘ಆದರೆ ನಾನು ಗೆದ್ದಿದ್ದೆನಲ್ಲಯ್ಯ!’

‘ಗೆದ್ದೋನ್ಗೂ ಸುಸ್ತಾಯ್ತದೆ ಸಾ.’

‘ರಾಕ್ಷಸನಿಗೆ ಎಂಥ ಸುಸ್ತು?’

‘ಅವ್ನೂ ಉಂಡು ಮಲಗೋನೇ ಅಲ್ವಾ?’

ಸುತ್ತ ನಿಂತವರು ನಕ್ಕರು. ಬುದ್ಧಿ ಇದ್ದವನಾದರೆ ಮಾರನೆಯ ದಿನ ರಾಕ್ಷಸನನ್ನು ಎರಡು ಏಟಿಗೊಮ್ಮೆ ಹಿಂದಕ್ಕೆ ಕರೆದು, ಬೇತಾಳವೊಂದನ್ನು ಮುಂದೆ ಬಿಡುತ್ತಿದ್ದ. ನಾನು ಹಾಗೆ ಮಾಡಲಿಲ್ಲ. ಅವನನ್ನೇ ಮತ್ತೆ ಮುಂದೆ ಬಿಟ್ಟೆ. ಒಂದು ವಾರ ಅವನು ದಿನಾ ಗೆದ್ದು ಗೆದ್ದು ಸತ್ತ. ಶುಕ್ರವಾರ ನಾನು ತಾಳ್ಮೆಗೆಟ್ಟು, ಈ ನಿಯಮವೇ ಸುಳ್ಳು, ಗಟ್ಟಿಮನಸ್ಸಿದ್ದವನಿಗೆ ದಣಿವು ಹತ್ತಿರ ಸುಳಿಯುವುದಿಲ್ಲ, ಇದನ್ನು ಯಾವ ಪುಸ್ತಕದಿಂದ ತಂದೆ ಎಂದು ಕೇಳಿದೆ.

‘ಪುಸ್ತಕ ಎಲ್ಲಿ ಬಂತು ಸಾ, ನಮ್ಮವ್ವನ ಹೊಲದಿಂದ ತಂದಿದ್ದು,’ ಎಂದ. ‘ನಾಡಿದ್ದು ಭಾನುವಾರ ರಾಗಿ ಕುಯ್ಲದೆ. ಬನ್ನಿ, ನೋಡೀರಂತೆ.’

‘ನೋಡುವುದೇನು, ಕೊಯ್ದೇ ತೋರಿಸುತ್ತೇನೆ,’ ಎಂದುಬಿಟ್ಟೆ. ನನ್ನ ಬಾಯಿಗೂ ಒಂದು ವಾಷರ್ ತೊಡಿಸುವ ಏರ್ಪಾಡಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಕೆಲಮಂಗಲದ ಬಸ್ಸಿಳಿದು ಹೊಲ ತಲುಪಿದೆ. ಮುನಿರಾಜುವಿನ ತಾಯಿ ನಂಜಮ್ಮ ಒಣಕಲು ಹೆಂಗಸು, ಅರವತ್ತು ದಾಟಿರಬೇಕು. ಹತ್ತು ಜನ ಕುಡುಗೋಲು ಹಿಡಿದು ನಿಂತಿದ್ದರು. ನಾನು ಅಭ್ಯಾಸಬಲದಿಂದ ವಾಚು ತಂದಿದ್ದೆ. ಮೊದಲ ಪಟ್ಟೆ ಕೊಯ್ಯಲು ಎಷ್ಟು ಹೊತ್ತಾಯಿತೆಂದು ನೋಡಿ, ಭಾಗಿಸಿ, ಗುಣಿಸಿ, ‘ಮಧ್ಯಾಹ್ನ ಎರಡಕ್ಕೆಲ್ಲ ಹೊಲ ಪೂರ್ತಿ ಮುಗಿಯುತ್ತದಮ್ಮ’ ಎಂದು ಶುಭವಾರ್ತೆ ಹೇಳಿದೆ. ನಂಜಮ್ಮ ನನ್ನ ಕುತ್ತಿಗೆಯನ್ನೊಮ್ಮೆ ನೋಡಿ, ಮಗನ ಕಡೆ ತಿರುಗಿ, ‘ಏನ್ಲಾ ಇದು, ತಾಯ್ತಾ?’ ಎಂದಳು.

ಆಮೇಲೆ ನಾನೂ ಕುಡುಗೋಲು ಹಿಡಿದೆ. ನನ್ನ ಮೊದಲ ಪಟ್ಟೆಯಲ್ಲಿ ಉಳಿದವರಿಗಿಂತ ಮುಂದಿದ್ದೆ. ಇದನ್ನು ನಾನು ಈಗಲೂ ನೆಂಟರಿಗೆ ಹೇಳುತ್ತೇನೆ. ಎರಡನೆಯದರಲ್ಲಿ ಸೊಂಟ ಎಂಬ ಅಂಗವೊಂದು ನನಗಿದೆಯೆಂದು ತಿಳಿಯಿತು. ಮೂರನೆಯದು ಶುರುವಾಗುವ ಹೊತ್ತಿಗೆ ನಂಜಮ್ಮ ಕೂಗಿದಳು: ‘ಅಪ್ಪಯ್ಯ, ನೀನೀಗ ಹಿಂದ್ಕೆ ಬಾ. ನೀರು ಕುಡ್ದು ಬಂದೋರು ಕುಯ್ಲಿಕ್ಕೆ ಓಗ್ತಾರೆ, ನೀನು ಒಸಿ ನೆಳ್ಳಾಗೆ ಕುಂತು ಮಜ್ಜಿಗೆ ಕುಡಿ.’ ಆಗ ಗಮನಿಸಿದೆ. ಅವಳು ಯಾರನ್ನೂ ಬಿಡದೆ ಮುಂದಿರುವವರು ಕಂತೆಗೆ, ಕಂತೆಯವರು ನೀರಿಗೆ, ನೀರಿನವರು ಕೊಯ್ಲಿಗೆ ಎಂದು ಬದಲಾಯಿಸುತ್ತಲೇ ಇದ್ದಳು. ಸ್ವಂತ ಮಗನನ್ನೂ ಹಿಂದಕ್ಕೆ ಕರೆದಳು. ಅವನು ಕುಡುಗೋಲು ಇಟ್ಟು ಹೋಗಿ ಹೊಂಗೆಮರದ ಕೆಳಗೆ ಕಾಲು ಚಾಚಿದ.

ನಾನು ಹೋಗಲಿಲ್ಲ. ‘ನನಗೇನೂ ಸುಸ್ತಾಗಿಲ್ಲಮ್ಮ’ ಎಂದೆ. ಪಕ್ಕದ ಪಟ್ಟೆಯ ಹೆಂಗಸು ತೆಲುಗಿನಲ್ಲಿ ‘ಸಾರು ಅಲಿಸಿಪೋಯಿನಾಡು, ಒಪ್ಪುಕೋಡು’ ಎಂದಳು. ದಣಿದಿದ್ದಾನೆ, ಒಪ್ಪಿಕೊಳ್ಳುವುದಿಲ್ಲ ಎಂದು. ನನಗೆ ತೆಲುಗು ಬರುವುದಿಲ್ಲವೆಂದು ಅವಳು ತಿಳಿದಿದ್ದಳು, ನಾನೂ ಬರುವುದಿಲ್ಲವೆಂದೇ ನಟಿಸಿದೆ. ಮೂರನೆಯ ಪಟ್ಟೆ ಮುಗಿಸಿದೆ. ನಾಲ್ಕನೆಯದರ ನಡುವೆ ಕಣ್ಣಿಗೆ ತೆನೆ ಯಾವುದು ಬೆರಳು ಯಾವುದು ತಿಳಿಯದೆ, ಎರಡನ್ನೂ ಒಟ್ಟಿಗೆ ಕೊಯ್ದೆ.

ಕುಡುಗೋಲು ಬಿಟ್ಟು ಬದುವಿನ ಮೇಲೆ ಕೂತೆ. ನಂಜಮ್ಮ ಯಾವುದೋ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಕಿರುಬೆರಳಿಗೆ ಮೆತ್ತಿ, ಸೆರಗಿನಂಚು ಹರಿದು ಕಟ್ಟಿದಳು. ಬಯ್ಯಲಿಲ್ಲ. ‘ಸುಸ್ತಾದೋನ್ನ ಮುಂದ್ಕೆ ಬುಟ್ರೆ ಇಂಗೇ ಆಗೋದು ಕಣಪ್ಪ. ಮೊಂಡಾಟ ಮಾಡ್ದೋನು ನೀನು, ಬುಟ್ಟೋಳು ನಾನು. ತಪ್ಪು ನಂದೇ,’ ಎಂದಳು.

ಅವಳು ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಏಕೆಂದರೆ ಮುನಿರಾಜುವಿಗೆ ತಿಳಿಯದ ಒಂದು ಸಂಗತಿ ಆಗ ನನ್ನ ಚೀಲದಲ್ಲೇ ಇತ್ತು. ಸೋಮವಾರ ಕೊಡಬೇಕಾಗಿದ್ದ ಫಾರಂ ಅದು, ಡ್ರಿಲ್ಲಿಂಗ್ ಸೆಕ್ಷನ್ನಿನವರು ದಿನಕ್ಕೆ ಕೊರೆಯಬೇಕಾದ ತೂತುಗಳ ಹೊಸ ಗುರಿ, ಹಳೆಯದಕ್ಕಿಂತ ಹೆಚ್ಚು. ಹಿಂದಿನ ತಿಂಗಳು ಅದೇ ಸೆಕ್ಷನ್ನಿನಲ್ಲಿ, ಸಂಜೆ ಶಿಫ್ಟು ಮುಗಿಯುವ ಹೊತ್ತಿಗೆ, ಒಬ್ಬನ ಬೆರಳು ಹರಿದಿತ್ತು. ಅಂದು ನಾನು ‘ಅಜಾಗರೂಕತೆ’ ಎಂದು ಬರೆದಿದ್ದೆ. ಕಾಗುಣಿತದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಹೊಲದ ಕೊಯ್ಲು ಎರಡಕ್ಕೆ ಮುಗಿಯಲಿಲ್ಲ, ಐದಾಯಿತು. ನಾನು ಕಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮುದ್ದೆ ನುಂಗಿ ಮನೆಗೆ ಬಂದೆ. ಹೆಂಡತಿ ಕಟ್ಟು ಬಿಚ್ಚಿ ನೋಡಿ, ‘ಗಡಿಯಾರಕ್ಕೆ ಏನೂ ಆಗಿಲ್ಲ ತಾನೆ?’ ಎಂದು ವಿಚಾರಿಸಿದಳು.

ಸೋಮವಾರ ಫಾರಂ ಕೊಡಲಿಲ್ಲ. ಬದಲಿಗೆ ಒಂದು ವಾರ ಪೂರ್ತಿ ಮಧ್ಯಾಹ್ನ ಮೂರರ ಮೇಲೆ ಡ್ರಿಲ್ಲಿಂಗ್ ಸೆಕ್ಷನ್ನಿನಲ್ಲಿ ವಾಚು ಹಿಡಿದು ನಿಂತೆ. ಬೆಳಗಿನ ಮುನಿರಾಜು ಬೇರೆ, ಸಂಜೆಯ ಮುನಿರಾಜು ಬೇರೆ ಎಂದು ವಾಚೇ ಹೇಳಿತು. ನಡುವೆ ನನಗೊಂದು ಅನುಮಾನವೂ ಹುಟ್ಟಿತು. ಇವನು ಈ ಆಟವನ್ನು ನನಗೆ ಬುದ್ಧಿ ಕಲಿಸಲೆಂದೇ ಕಟ್ಟಿದನೋ ಏನೋ! ಕೇಳಿಯೇಬಿಟ್ಟೆ.

‘ಅಯ್ಯೋ, ನೀವು ಕೆಲಸಕ್ಕೆ ಸೇರೋಕ್ಮುಂಚೆ ಎರಡು ವರ್ಸದಿಂದ ಆಡ್ತಾವ್ನಿ ಸಾ,’ ಎಂದ. ‘ಎಲ್ಲಾನೂ ನಿಮ್ಗೋಸ್ಕರಾನೇ ನಡೀತದಾ?’

ಹೊಸ ಫಾರಂ ಬರೆದೆ. ಗುರಿ ಏರಿಸುವ ಬದಲು ಇಳಿಸಿ, ಎರಡೆರಡು ಗಂಟೆಗೊಮ್ಮೆ ಯಂತ್ರದ ಮುಂದಿರುವವರನ್ನು ಪ್ಯಾಕಿಂಗಿಗೆ, ಅಲ್ಲಿರುವವರನ್ನು ಯಂತ್ರಕ್ಕೆ ಬದಲಾಯಿಸಬೇಕೆಂದು ಸೂಚಿಸಿದೆ. ಮದರಾಸಿನ ಕಡೆಯ ನಮ್ಮ ಮ್ಯಾನೇಜರು ನಿಧಾನವಾಗಿ ಓದಿದರು. ಸಂಜೆಯ ಹೊತ್ತು ರಿಜೆಕ್ಟ್ ಆಗುವ ಪೀಸುಗಳು ಕಡಿಮೆಯಾಗಬಹುದು ಎಂಬ ವಾಕ್ಯದ ಮೇಲೆ ಅವರ ಕಣ್ಣು ನಿಂತಿತು. ‘ಬಹಳ ವೈಜ್ಞಾನಿಕವಾಗಿದೆ. ನಿಮ್ಮ ಸ್ವಂತ ವಿಚಾರವೇ?’ ಎಂದು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ನಂಜಮ್ಮನ ಹೆಸರು ಹೇಳಲು ಅದೇ ಸರಿಯಾದ ಸಮಯವಾಗಿತ್ತು.

ಎಲ್ಲಕ್ಕೂ ಒಪ್ಪಿ ಸಹಿ ಹಾಕಿದರು. ಕೊನೆಯ ಒಂದು ಸಾಲನ್ನು ಮಾತ್ರ ಹೊಡೆದುಹಾಕಿದರು. ದಿನವಿಡೀ ವಾಚು ಹಿಡಿದು ನಿಲ್ಲುವ ಗುಮಾಸ್ತನಿಗೂ ಒಂದು ಕುರ್ಚಿ ಮತ್ತು ಗಂಟೆಗೆ ಹತ್ತು ನಿಮಿಷ ವಿಶ್ರಾಂತಿ ಕೊಡಬೇಕೆಂದು ನಾನು ಸೇರಿಸಿದ್ದ ಸಾಲು ಅದು. ‘ನಿಮಗೇಕೆ ಸುಸ್ತು? ನೀವು ಸುಮ್ಮನೆ ನಿಂತಿರುತ್ತೀರಲ್ಲ?’ ಎಂದರು. ಸಹಿಯಾದ ಫಾರಂ ಹಿಡಿದು ನಾನು ಅವರ ಮೇಜಿನ ಮುಂದೆ ನಿಂತೇ ಇದ್ದೆ. ಕುಳಿತುಕೊಳ್ಳಿ ಎಂದು ಅವರು ಹೇಳಲಿಲ್ಲ.