ಅರ್ಧ ಬಡ್ಡಿಗೆ, ಅರ್ಧ ಹೋರಿಗೆ

ನಿವೃತ್ತನ ಕೈಗೆ ಇಡಿಗಂಟು ಬಂತೆಂದು ತಿಳಿದರೆ ಸಾಕು, ಬುದ್ಧಿ ಹೇಳುವವರು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲೂ ಎದುರಾಗುತ್ತಾರೆ, ಕ್ಷೌರದ ಅಂಗಡಿಯಲ್ಲೂ. ಶಾಲೆಯ ಗುಮಾಸ್ತಿಕೆ ಮುಗಿಸಿ ಮನೆಗೆ ಬಂದ ಮೇಲೆ ನಾನು ನಕ್ಕದ್ದು ಕಡಿಮೆ, ನನ್ನನ್ನು ನೋಡಿ ಊರು ನಕ್ಕದ್ದೇ ಹೆಚ್ಚು.

ಪೋಸ್ಟ್ ಆಫೀಸು

ನನ್ನ ಹೆಂಡತಿಯ ಎರಡೂ ಮೊಣಕಾಲು ಸವೆದಿವೆ. ಆಪರೇಷನ್ ಆಗಲೇಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. "ಮೊದಲು ಕಾಲು ಮಾಡಸೂಣು, ಉಳಿದದ್ದು ಪೋಸ್ಟಿನ್ಯಾಗ ಇಡೂಣು, ತಿಂಗಳಾ ಬಡ್ಡಿ ಬರ್ತೈತಿ" ಎಂಬುದು ಅವಳ ಲೆಕ್ಕ. ನನ್ನ ಲೆಕ್ಕ ಬೇರೆ. ಅರ್ಧ ಬಡ್ಡಿಗೆ, ಅರ್ಧ ಬೆಳೆಯಲಿಕ್ಕೆ. ಬೆಳೆದದ್ದರಲ್ಲಿ ಕಾಲು ಮಾಡಿಸಿದರೆ ಗಂಟು ಹಾಗೇ ಉಳಿಯುತ್ತದಲ್ಲ! ಅರ್ಧ ಪೋಸ್ಟಿಗೆ ಹಾಕಿ ಬಂದೆ.

"ಒಂದು ವರ್ಷ ತಡಿ, ಇನ್ನರ್ಧ ಬೆಳೀತೈತಿ" ಎಂದೆ.

"ಬ್ಯಾನಿ ಈಗ ಬೆಳ್ಯಾಕತ್ತೈತಿ. ಅದಕ್ಕೂ ತಡಿ ಅನ್ರಿ" ಎಂದಳು.

ಶಿಗ್ಗಾವಿಯ ಪ್ಲಾಟು

ಶಿಗ್ಗಾವಿಯ ದಲ್ಲಾಳಿಯೊಬ್ಬ ನಮ್ಮಿಬ್ಬರನ್ನೂ ಗೋವಿನಜೋಳದ ಹೊಲಕ್ಕೆ ಕರೆದೊಯ್ದ. "ಇಲ್ಲಿ ರೋಡ್ ಬರ್ತೈತ್ರಿ, ಇಲ್ಲಿ ಸಾಲಿ, ಅಲ್ಲಿ ದೊಡ್ಡ ದವಾಖಾನಿ" ಎಂದು ಜೋಳದ ತೆನೆಗಳ ಕಡೆ ಕೈ ಮಾಡಿದ. ಹೆಂಡತಿ ಕಾಲು ಸೋತು ಬದುವಿನ ಮೇಲೆ ಕುಳಿತುಬಿಟ್ಟಳು.

"ದವಾಖಾನಿ ಯಾವಾಗ ಬರ್ತೈತಪಾ?"

"ಹತ್ತು ವರ್ಷದಾಗ ಬಂದ ಬರ್ತೈತ್ರಿ ಅವ್ವಾರ."

"ಹಂಗಾರ ನೀವಿಬ್ರೂ ಹೋಗ್ರಿ. ನಾ ಇಲ್ಲೇ ಕುಂತಿರ್ತೇನಿ, ಹೆಂಗೂ ಏಳಾಕ ಬರವಲ್ದು."

ಅವಳನ್ನು ಎಬ್ಬಿಸಲು ನಾವಿಬ್ಬರೂ ಬೇಕಾಯಿತು. ಅವನಿಗೆ ಕೊಟ್ಟ ಮುಂಗಡವನ್ನು ಎಬ್ಬಿಸಲು ಇನ್ನೂ ಆಗಿಲ್ಲ.

ಸವಣೂರಿನ ಬುದ್ಧಿವಂತ

ಸವಣೂರಿನಲ್ಲಿ ನನಗೆ ಪರಿಚಯದ ವೀಳ್ಯದೆಲೆ ವ್ಯಾಪಾರಿ ಚಾಚಾ ಒಬ್ಬರಿದ್ದಾರೆ. ಅವರಷ್ಟು ಚೊಲೋ ಮಾತು ನನಗೆ ಯಾರೂ ಹೇಳಿಲ್ಲ.

"ನೋಡ್ರಿ ಸರ್ರ, ಆಡೂದಾದ್ರ ಎಲಿ ಮಾರಿದ ರೊಕ್ಕದಾಗ ಆಡ್ರಿ, ತ್ವಾಟ ಮಾರಿ ಆಡಬ್ಯಾಡ್ರಿ. ಕೊಯ್ದ ಎಲಿ ಮತ್ತ ಚಿಗೀತೈತಿ, ಕಿತ್ತ ಬಳ್ಳಿ ಚಿಗಿಯೂದಿಲ್ಲ."

ನನಗೆ ಕೈ ಮುಗಿಯುವಂತಾಯಿತು. "ನಿಮ್ಮ ತ್ವಾಟ ಹೆಂಗೈತ್ರಿ ಚಾಚಾ?"

"ಎಲ್ಲೈತ್ರಿ? ಮೊಬೈಲಿನ್ಯಾಗ ಶೇರು ಆಡಿ ಹ್ವಾದ ವರ್ಷ ಕಳಕೊಂಡ್ನಿ. ಇಲ್ಲಾಂದ್ರ ಇಷ್ಟು ಶ್ಯಾಣ್ಯಾತನ ನನಗ ಎಲ್ಲಿಂದ ಬರ್ತಿತ್ತು?"

ಹಿರೇಕೆರೂರಿನ ಹೋರಿ

ದೀಪಾವಳಿ ಮುಗಿದರೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಅದನ್ನು ಕೀಳಲು ಕಾದು ನಿಂತವರ ನಡುವೆ ಬಿಟ್ಟ ಹೋರಿ ಯಾರ ಕೈಗೂ ಸಿಗದೆ ದಾಟಿತೋ, ಅದರ ಬೆಲೆ ಮುಗಿಲಿಗೆ. ಉಳಿದ ಹಣಕ್ಕೆ ಹಿರೇಕೆರೂರಿನಿಂದ ಒಂದು ಹೋರಿ ತಂದು ಹಿತ್ತಲಲ್ಲಿ ಕಟ್ಟಿದೆ. ಮೊದಲ ಹಬ್ಬದಲ್ಲೇ ಅದು ಒಂದು ಬಟ್ಟಲು ಕೊಬ್ಬರಿಯನ್ನೂ ಬಿಟ್ಟುಕೊಡದೆ ದಾಟಿತು! ತಿಳವಳ್ಳಿಯವರೊಬ್ಬರು ಮನೆಗೇ ಬಂದು ಎರಡರಷ್ಟು ಬೆಲೆ ಕೇಳಿದರು. ಬಾಗಿಲ ಹಿಂದಿನಿಂದ ಹೆಂಡತಿ ಕೊಡಿರೆಂದು ಸನ್ನೆ ಮಾಡಿದಳು. ನಾನು ಮೀಸೆ ತಿರುವಿದೆ. "ಹೆಸರು ಮಾಡಿದ ಹೋರಿ ಮಾರೂದಂದ್ರ ಮನಿ ಮಾನ ಮಾರಿದಂಗರಿ."

ಮರುವರ್ಷದ ಹಬ್ಬದಲ್ಲಿ ಅದು ಜಾರಿ ಬಿದ್ದು ಮುಂಗಾಲಿನ ಮೊಣಕಾಲು ಕೆಡಿಸಿಕೊಂಡಿತು. ಇನ್ನು ಓಡಲಾರದು. ಕೇಳುವ ಗಿರಾಕಿಯೂ ಇಲ್ಲ. ಪೋಸ್ಟಿನ ಬಡ್ಡಿಯೆಲ್ಲ ಅದರ ಹಿಂಡಿ, ಬೂಸಾ, ಔಷಧಕ್ಕೆ ಹೋಗತೊಡಗಿತು. ಅಭಿಮಾನಿಗಳು ಹಾರ ಹಿಡಿದು ಬಂದರು, ಹೋರಿಯ ಮೈದಡವಿ ಕಣ್ಣೀರು ಹಾಕಿದರು. ಅವರಿಗೆಲ್ಲ ಕುಂಟುತ್ತ ಚಹಾ ತಂದುಕೊಟ್ಟವಳ ಕಾಲು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ವಾರಕ್ಕೊಮ್ಮೆ ದನದ ಡಾಕ್ಟರು ಬರುತ್ತಾರೆ. ಮೊನ್ನೆ ಅವರು ಹೋರಿಯ ಮೊಣಕಾಲು ಒತ್ತಿ ನೋಡಿ ಏಳುವಷ್ಟರಲ್ಲಿ, ಹೆಂಡತಿ ಪಕ್ಕದ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದಳು.

"ಡಾಕ್ಟರ್ರ, ಇದನ್ನೂ ಒಂದೀಟು ನೋಡ್ರಿ."

ಅವರು ಗಾಬರಿಯಾದರು. "ಅವ್ವಾರ, ನಾ ದನದ ಡಾಕ್ಟರ್ರಿ!"

"ಗೊತ್ತೈತ್ರಿ. ಈ ಮನಿಯಾಗ ದನಕ್ಕಷ್ಟ ಡಾಕ್ಟರ್ ಬರ್ತಾರ."