ನನ್ನ ಕೊಲೆ ನಾಟಕಕ್ಕೆ ಮೂರು ಊರಿನವರು ಹೇಳಿದ್ದು

ನಾಟಕ ಬರೆದವನು ಪರದೆ ಬಿದ್ದ ಕೂಡಲೇ ಹಿಂಬಾಗಿಲಿನಿಂದ ಮನೆಗೆ ಹೋಗಿ ಮಲಗಬೇಕು. ಮರುದಿನ ಚಹಾದ ಅಂಗಡಿಯ ಮುಂದೆ ನಿಂತು "ಹ್ಯಾಂಗಿತ್ರಿ?" ಎಂದು ಕೇಳಬಾರದು. ಇದು ಗೊತ್ತಿದ್ದೂ ನಾನು ಊರೂರಲ್ಲಿ ಕೇಳಿದೆ, ಊರೂರಲ್ಲಿ ಉಗಿಸಿಕೊಂಡೆ. ಕೇಳುವ ಚಟವೂ ಬಿಡಲಿಲ್ಲ, ಉಗಿಯುವವರಿಗೆ ದಣಿವೂ ಆಗಲಿಲ್ಲ.

ಇದು ಐವತ್ತರ ದಶಕದ ಮಾತು. ಆಗ ನಾನು ರೋಣದಲ್ಲಿ ಸಾಲಿ ಮಾಸ್ತರ. ಎಲ್ಲಿಂದಲೋ ಒಂದು ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕಿತು. ಬರೀ ಕತ್ತಲೆ, ಕೊಲೆ, ಗುರುತಿಲ್ಲದ ಹೆಣ. ಓದಿ ನಾಲ್ಕು ದಿನ ನನಗೆ ಅನ್ನ ರುಚಿಸಲಿಲ್ಲ. ನಮ್ಮ ಜನಕ್ಕೂ ರುಚಿಸದಂತೆ ಮಾಡಬೇಕು ಎಂಬ ಹಟದಿಂದ ನಾಲ್ಕು ತಿಂಗಳು ಕೂತು ಅದನ್ನು ಮೂರು ಅಂಕದ ನಾಟಕ ಮಾಡಿದೆ. ನಮ್ಮ ಕಡೆ ಡೇರೆ ಹಾಕಿದ್ದ ಒಂದು ಕಂಪನಿಯ ಮಾಲಕರು ಆಡಿಸಲು ಒಪ್ಪಿದರು, ಪತ್ತೇದಾರನ ಪಾತ್ರ ತಮಗೇ ಬೇಕೆಂಬ ಕರಾರಿನ ಮೇಲೆ.

"ನರಗುಂದ, ರೋಣ, ಗಜೇಂದ್ರಗಡ, ಮೂರೂರಾಗ ಆಡಿ ನೋಡೂಣ್ರಿ ಮಾಸ್ತರ" ಎಂದರು. "ಮಂದಿ ಒಪ್ಪಿದ್ರ ಹ್ಯಾಂಡಬಿಲ್ಲಿನ ಮ್ಯಾಲ ನಿಮ್ಮ ಹೆಸರ ಕಾಯಂ. ಒಪ್ಪದಿದ್ರ ನಮ್ಮ ರಾಜಾ-ರಾಣಿ ಕಿರೀಟದ ನಾಟಕ ಇದ್ದ ಅದಾವು."

ಹ್ಯಾಂಡಬಿಲ್ಲಿನ ಹಸಿರು ಕಾಗದದ ಮೇಲೆ ನನ್ನ ಹೆಸರು ಅಚ್ಚಾದದ್ದು ಜನ್ಮದಲ್ಲಿ ಅದೇ ಮೊದಲು. ಅದನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಅದು ಉಳಿಯಬೇಕು, ಅಷ್ಟೇ ನನ್ನ ಆಸೆ.

೧. ಪುಕ್ಕಟೆ ಕತ್ತಲೆ

ನರಗುಂದದಲ್ಲಿ ಮೊದಲ ಪ್ರಯೋಗ. ಕಂಪನಿಯಲ್ಲಿ ನಾಲ್ಕು ಗ್ಯಾಸಬತ್ತಿ ಇದ್ದವು. ಕೊಲೆಯ ದೃಶ್ಯಕ್ಕೆ ಮೂರನ್ನು ಒಳಗೆ ಒಯ್ಯಿಸಿ, ಉಳಿದ ಒಂದನ್ನು ಸಣ್ಣಗೆ ಮಾಡಿಸಿದೆ. ಕತ್ತಲಲ್ಲಿ ಒಂದು ಚೀರುವ ದನಿ, ಏನೋ ಧಡ್ಡೆಂದು ಬಿದ್ದ ಸಪ್ಪಳ. ಪರದೆಯ ಮರೆಯಲ್ಲಿ ನಿಂತಿದ್ದ ನನಗೇ ಮೈ ಜುಮ್ಮೆಂದಿತು.

ಜನರ ನಡುವಿನಿಂದ ಒಬ್ಬ ಕೂಗಿದ: "ಏ, ಬತ್ತಿ ಹೊಂಟೈತಿ, ಪಂಪ ಹೊಡೀರೋ!"

ಯಾರೂ ಹೊಡೆಯಲಿಲ್ಲ. ಆಗ ಯಾವಗಲ್ಲು ಎಂಬ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ ಒಬ್ಬ ರೈತ, ಕಂಪನಿಯವರ ಆಲಸ್ಯ ಕಂಡು ಬೇಸತ್ತು, ತಾನೇ ರಂಗದ ಮೇಲೆ ಹತ್ತಿ ಇಪ್ಪತ್ತು ಸಲ ಪಂಪು ಹೊಡೆದ. ಬೆಳಕು ಭಗ್ಗನೆ ಬಂತು. ನೋಡಿದರೆ, ಕೊಲೆಗಾರನು ಸತ್ತವಳ ತಲೆಯ ಕೆಳಗೆ ಮೆಲ್ಲಗೆ ದಿಂಬು ಇಡುತ್ತಿದ್ದ.

ಮರುದಿನ ಆ ರೈತನೇ ಚಹಾದ ಅಂಗಡಿಯಲ್ಲಿ ಸಿಕ್ಕ. ಕತ್ತಲೆ ಈ ನಾಟಕದ ಜೀವಾಳ, ಅದನ್ನೇ ನೀವು ಕೆಡಿಸಿದಿರಿ ಎಂದು ತಿಳಿಸಿ ಹೇಳಿದೆ. ಅವನು ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕತ್ತಲಿ ನಮ್ಮ ಮನ್ಯಾಗ ಪುಕ್ಕಟ ಐತ್ರಿ ಮಾಸ್ತರ. ಅದನ್ನ ನೋಡಾಕ ಚಕ್ಕಡಿ ಕಟಗೊಂಡ ನರಗುಂದಕ್ಕ ಬರಬೇಕೇನು?"

೨. ಕಾದಂಬರಿ ಓದಿದವರು

ಓದದವರ ಕಾಟವನ್ನಾದರೂ ತಡೆಯಬಹುದು, ಓದಿದವರ ಕಾಟ ತಡೆಯಲಾಗದು. ನರಗುಂದದಲ್ಲಿ ಒಬ್ಬ ಸಾಹುಕಾರರು ಆ ಕಾದಂಬರಿ ಓದಿದ್ದರು. ಓದಿದ್ದಷ್ಟೇ ಅಲ್ಲ, ಪುಸ್ತಕ ತಂದು ಮುಂದಿನ ಕುರ್ಚಿಯಲ್ಲಿ ಕೂತು, ಬೆರಳಿಟ್ಟು ಸಾಲು ತಾಳೆ ನೋಡತೊಡಗಿದರು. ಎದುರಿಗೆ ಪತ್ತೇದಾರ ಬಾಯಿ ತೆರೆದರೆ ಸಾಕು, ಇವರು ಪುಟ ತಿರುವುವ ಸಪ್ಪಳ.

ಹೆಣ ಸಿಕ್ಕುವ ದೃಶ್ಯದಲ್ಲಿ ಅವರು ಎದ್ದೇ ನಿಂತರು. "ನಾಯಿ ಎಲ್ಲೈತಿ? ಹೆಣಾ ತೋರಸೂದು ನಾಯಿ. ಪುಸ್ತಕದಾಗ ಐತಿ."

"ನಾಯಿ, ನಾಯಿ" ಎಂದು ಡೇರೆಯೆಲ್ಲ ಕೂಗಿತು. ಕಾದಂಬರಿಯ ಒಂದು ಅಕ್ಷರ ನೋಡದವರು ಕೂಡ ಯಾರೋ ತಮ್ಮ ಸ್ವಂತ ನಾಯಿ ಕದ್ದಂತೆ ಕೂಗಿದರು. ಮಾಲಕರು ಹೆದರಿದರು. ಎರಡನೆಯ ಪ್ರಯೋಗಕ್ಕೆ ಸಂತೆ ಪೇಟೆಯ ಒಂದು ನಾಯಿಯನ್ನು ರೊಟ್ಟಿ ತೋರಿಸಿ ಕರೆತಂದರು. ಅದು ಹೆಣದ ಕಡೆ ತಿರುಗಿಯೂ ನೋಡದೆ, ಹಾರ್ಮೋನಿಯಂ ಪಕ್ಕದಲ್ಲಿ ಮಲಗಿ, ರಾಗ ಏರಿದಾಗಲೆಲ್ಲ ತಾನೂ ದನಿಗೂಡಿಸಿತು. ಹಾಡಿಗೆ ನನ್ನ ನಾಟಕದಲ್ಲಿ ಜಾಗವೇ ಇರಲಿಲ್ಲ, ಅದನ್ನು ಮಾಲಕರು ತುರುಕಿದ್ದರು. ಹಾಗಾಗಿ ನಾಯಿಯ ಅಭಿಪ್ರಾಯವನ್ನು ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ.

ನಾಟಕ ಮುಗಿದ ಮೇಲೆ ಸಾಹುಕಾರರ ಹತ್ತಿರ ಹೋಗಿ, "ಈಗ ಸಮಾಧಾನ ಆತ್ರಿ?" ಎಂದೆ.

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಇದು ಆ ನಾಯಿ ಅಲ್ರಿ. ಅದು ಕರೀದು."

೩. ರೂಢಿ

ರೋಣ ನನ್ನದೇ ಊರು. ಅಲ್ಲಿಯಾದರೂ ಮರ್ಯಾದೆ ಉಳಿದೀತು ಎಂದುಕೊಂಡಿದ್ದೆ. ಕೊಲೆಗಾರನ ಪಾತ್ರದವನು ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವಂಥ ಸಾಧು ಮನುಷ್ಯ. ಡೇರೆಯ ನೆಲದಲ್ಲಿ ಮಲಗಿ ಅವನ ಬೆನ್ನು ಹಿಡಿದಿತ್ತು. ನಮ್ಮ ಓಣಿಯ ಒಬ್ಬ ಆಯಿಯ ಮನೆಯ ಪಡಸಾಲೆಯಲ್ಲಿ ಅವನಿಗೆ ಜಾಗ ಕೊಡಿಸಿದೆ. ಎರಡು ದಿನ ಆಯಿ ಅವನಿಗೆ ರೊಟ್ಟಿ, ಮೊಸರು ಕೊಟ್ಟು ಮಗನ ಹಾಗೆ ನೋಡಿಕೊಂಡಳು. ಮೂರನೆಯ ದಿನ ಸಂಜೆ ನಾಟಕ ನೋಡಲು ಬಂದಳು. ನರಗುಂದದ ಅನುಭವದಿಂದ ಈಗ ಕೊಲೆಯೂ ನಾಲ್ಕು ಬತ್ತಿಯ ಬೆಳಕಿನಲ್ಲೇ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಅವನ ಟ್ರಂಕು ಬೀದಿಯಲ್ಲಿತ್ತು. ಅದರ ಮೇಲೆ ಅವನು ಕೂತಿದ್ದ. ನಾನು ಓಡಿಹೋದೆ.

"ಆಯಿ, ಅದು ನಾಟಕ. ಖರೇ ಅಂತ ತಿಳಿದ್ಯೇನು?"

"ನಾಟಕ ಅನ್ನೂದು ನನಗೂ ತಿಳೀತೈತೋ ಮಾಸ್ತರ. ಅಷ್ಟ ದಡ್ಡಿ ಅಲ್ಲ ನಾನು."

"ಮತ್ತ?"

"ಕುತಿಗಿ ಹಿಚಕಿದ್ನಲ್ಲ, ಕೈ ನಡಗಲಿಲ್ಲ. ಕಣ್ಣ ಮಿಟಕಸಲಿಲ್ಲ. ನಾಟಕದಾಗ ಆದ್ರೂ ಅಷ್ಟ ಹಗೂರ ಬರಬೇಕಂದ್ರ, ರೂಢಿ ಇರಬೇಕು."

ಮೂರು ಊರಲ್ಲಿ ನಾನು ಬರೆದ ನಾಟಕಕ್ಕೆ ಸಿಕ್ಕ ಒಳ್ಳೆಯ ಅಭಿಪ್ರಾಯ ಇದೊಂದೇ. ಬೇರೆ ದಾರಿ ಕಾಣದೆ ಅವನನ್ನು ನಮ್ಮ ಮನೆಗೆ ಕರೆತಂದೆ. ಅವನಿದ್ದಷ್ಟು ದಿನ ನಮಗೆ ಕಾಯಿಪಲ್ಯ ಇರಲಿಲ್ಲ. ನನ್ನ ಹೆಂಡತಿ ಈಳಿಗೆಯನ್ನು ಪಕ್ಕದ ಮನೆಯಲ್ಲಿ ಇಟ್ಟುಬಂದಿದ್ದಳು.

೪. ಗಜೇಂದ್ರಗಡದ ಪತ್ತೆ

"ಇದ ಕಡೀ ಊರ್ರಿ" ಎಂದರು ಮಾಲಕರು. "ಇಲ್ಲೂ ಹಿಂಗ ಆದ್ರ ನಾಳಿಂದ ಕಿರೀಟ."

ಗಜೇಂದ್ರಗಡದಲ್ಲಿ ಡೇರೆ ತುಂಬಿತ್ತು. ಮುಂದೆ ಚಾಪೆಯ ಮೇಲೆ ನೇಕಾರರು, ಹಿಂದೆ ಸೂಡಿ, ಪುರ್ತಗೇರಿಯ ಒಕ್ಕಲು ಜನ. ನಾಲ್ಕೂ ಬತ್ತಿ ಉರಿಯುತ್ತಿದ್ದವು, ನಾಯಿಯೂ ಇರಲಿಲ್ಲ. ಮೊದಲ ಅಂಕ ಸುಸೂತ್ರವಾಗಿ ಸಾಗಿತು. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹೆಸರು ಉಳಿಯಿತು ಎಂದು ನಾನು ಹಸಿರು ಕಾಗದ ಮುಟ್ಟಿ ನೋಡಿಕೊಂಡೆ.

ಅಂಕದ ಕೊನೆಗೆ ಗುರುತಿಲ್ಲದ ಹೆಣದ ಮುಂದೆ ಪತ್ತೇದಾರ ಬರುತ್ತಾನೆ. ಉದ್ದ ಕೋಟು, ಟೊಪ್ಪಿಗೆ, ಕೈಯಲ್ಲಿ ಭೂತಗನ್ನಡಿ. ಹೆಣದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ಜನರ ಕಡೆ ತಿರುಗಿ, ನಾನು ಬಹಳ ಕಷ್ಟಪಟ್ಟು ಬರೆದ ಮಾತು ಹೇಳುತ್ತಾನೆ: "ಈ ಸೀರೆ ನೇಯ್ದ ಕೈ ಯಾವುದು? ಇದು ಯಾರ ಮನೆ ಸೇರಿತ್ತು? ಬಲ್ಲವರು ಈ ಲೋಕದಲ್ಲಿ ಒಬ್ಬರೂ ಇಲ್ಲವೇ?"

ಇದಕ್ಕೆ ಉತ್ತರ ಹುಡುಕಲು ಪತ್ತೇದಾರ ಇನ್ನೆರಡು ಅಂಕ ಅಲೆಯುವವನಿದ್ದ.

ಮೂರನೆಯ ಸಾಲಿನಲ್ಲಿ ಒಬ್ಬ ನೇಕಾರ ಎದ್ದು ನಿಂತ. "ಯಾಕಿಲ್ರಿ, ನಾನ ನೇಯ್ದೇನಿ."

ಡೇರೆಯ ತಲೆಗಳೆಲ್ಲ ಅವನ ಕಡೆ ತಿರುಗಿದವು.

"ಸೆರಗ ಇತ್ಲಾಗ ತಿರವ್ರಿ. ದಡಿಯಿಂದ ನಾಕ ಬೊಟ್ಟ ಮ್ಯಾಲ ಒಂದ ಎಳಿ ತಪ್ಪಿರಬೇಕು, ನೋಡ್ರಿ."

ಪತ್ತೇದಾರನಾಗಿದ್ದ ಮಾಲಕರು ಪಾತ್ರ ಮರೆತು, ಕನ್ನಡಿ ಹಿಡಿದು ನೋಡಿದರು. "ಹೌದ್ರಿ, ತಪ್ಪೈತಿ."

"ತಪ್ಪಿರತೈತಿ. ಉಣ್ಣಾಕ ಬಾ ಅಂತ ಮನಿಯಾಕಿ ಒದರಿದ್ಲು, ತಿರುಗಿ ನೋಡೂದ್ರಾಗ ತಪ್ಪಿತು."

"ಯಾರಿಗೆ ಕೊಟ್ಟೀಪಾ ಅದನ್ನ?" ಎಂದು ಹಿಂದಿನಿಂದ ಒಬ್ಬ ಹಿರಿಯರು ಕೇಳಿದರು.

"ಇವ್ರಿಗೇ ಕೊಟ್ಟೇನ್ರಿ! ನಿನ್ನಿ ಮಧ್ಯಾಹ್ನ ನಮ್ಮ ಓಣಿಗೆ ಬಂದು, ಹೆಂಡ್ತಿಗಿ ಅಂತ ಹೇಳಿ ಒಯ್ದಾರ. ಟೊಪಗಿ ಹಾಕ್ಕೊಂಡ್ರ ಗುರತ ಸಿಗೂದಿಲ್ಲಂತ ತಿಳಿದಾರೇನೋ!"

ನಡೆದದ್ದಿಷ್ಟು. ರೋಣದಲ್ಲಿ ಹೆಣವನ್ನು ಎಳೆದಾಡಿ ಹಳೆಯ ಸೀರೆ ಹರಿದಿತ್ತು. ಮಾಲಕರು ಹೊಸದು ಕೊಳ್ಳಲು ಹೋಗಿ, ಹೆಣಕ್ಕೆ ಬೇಕು ಎನ್ನಲು ನಾಲಿಗೆ ಬಾರದೆ ಹೆಂಡತಿಗೆ ಎಂದುಬಿಟ್ಟಿದ್ದರು.

ಹಿರಿಯರು ಪಂಚಾಯಿತಿಗೆ ಕೂತವರ ಹಾಗೆ ವಿಚಾರಣೆಗೆ ನಿಂತರು. "ಸೀರಿ ಒಯ್ದದ್ದು ಹೌದೋ ಅಲ್ಲೋ?"

"ಹೌದ್ರಿ, ಆದ್ರ..."

"ಹೆಂಡ್ತಿಗಿ ಅಂದದ್ದು?"

"ಅಂದದ್ದೂ ಹೌದ್ರಿ, ಆದ್ರ..."

"ಮುಗೀತು. ಹೆಂಡ್ತಿನ್ನ ಕೊಂದು, ಟೊಪಗಿ ಹಾಕ್ಕೊಂಡು, ಯಾರ ಸೀರಿ ಅಂತ ನಮ್ಮನ್ನ ಕೇಳ್ತಾನ! ಏ ಫೌಜದಾರ, ಹಿಡಿ ಅವನ್ನ!"

ಹೆಣದ ಪಕ್ಕ ನಿಂತಿದ್ದ ಪೊಲೀಸ ಫೌಜದಾರನ ಪಾತ್ರದವನು ದಿಕ್ಕು ತಿಳಿಯದೆ, ಪರದೆಯ ಮರೆಯಲ್ಲಿದ್ದ ನನ್ನ ಕಡೆ ನೋಡಿದ. ಬೇಡ, ಬೇಡ ಎಂದು ಎರಡೂ ಕೈ ಬೀಸಿದೆ. ಅದನ್ನು ಅವನು ಲಗೂ ಮಾಡು, ತಡಮಾಡಬೇಡ ಎಂದು ತಿಳಿದು, ಮಾಲಕರ ಕೈಗೆ ಬೇಡಿ ತೊಡಿಸಿಬಿಟ್ಟ. ಹೆಣ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿತ್ತು. ಚಪ್ಪಾಳೆಗೆ ಡೇರೆ ಹಾರಿಹೋಗುವುದೊಂದು ಬಾಕಿ. ಪರದೆ ಬಿತ್ತು, ಜನ ಸಂತೋಷದಿಂದ ಎದ್ದು ಮನೆಗೆ ಹೋದರು. ಆಡದ ಎರಡು ಅಂಕದ ಪ್ರತಿ ನನ್ನ ಕಂಕುಳಲ್ಲೇ ಉಳಿಯಿತು.

ಬೆಳಿಗ್ಗೆ ಊರೆಲ್ಲ ಅದೇ ಮಾತು. "ಪತ್ತೇದಾರನೇ ಕೊಲಿಗಾರ! ಯಾರಿಗರೆ ಗೊತ್ತಾಗತಿತ್ತೇನು? ಭಾಳ ಚಲೋ ನಾಟಕ. ಲಗೂನೂ ಮುಗೀತು." ಮಾಲಕರು ಹಿಗ್ಗಿ ಹೀರೇಕಾಯಿಯಾಗಿದ್ದರು. "ಇನ್ನ ಮ್ಯಾಲ ಎಲ್ಲಾ ಕಡೆ ಹಿಂಗ ಆಡೂಣ್ರಿ ಮಾಸ್ತರ. ಉಳಿದ ವ್ಯಾಳ್ಯಾಕ್ಕ ಕಿರೀಟದ ನಾಟಕ ಹಚ್ಚಿದ್ರಾತು."

"ಹ್ಯಾಂಡಬಿಲ್ಲಿನ ಮ್ಯಾಲ ನನ್ನ ಹೆಸರು?" ಎಂದೆ.

"ನೀವು ಬರದದ್ದು ಅದರಾಗ ಏನ ಉಳೀತ್ರಿ?"

ಸೀದಾ ನೇಕಾರರ ಓಣಿಗೆ ಹೋಗಿ ಆ ಮಹಾನುಭಾವನ ಮಗ್ಗದ ಮುಂದೆ ನಿಂತೆ. "ನಾಕ ತಿಂಗಳ ಕುಂತು ಬರದಿದ್ದೆ, ಗೊತ್ತೇನು ನಿಮಗ? ಎರಡ ಅಂಕಾ ನುಂಗಿ ನೀರ ಕುಡದ್ರಿ" ಎಂದು ಕೂಗಾಡಿದೆ.

ಅವನು ಈ ಸಲ ತಿರುಗಿ ನೋಡಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು.

"ನಾಕ ತಿಂಗಳ್ರೀ? ಅಯ್ಯ ಪಾಪ. ಬರಿಯೂಕಿಂತ ಮೊದಲ ಒಂದ ಸಲ ನಮ್ಮ ಓಣಿಗೆ ಬಂದು ಕೇಳಿದ್ರ, ನಿಮಗ ನಾಟಕ ಬರಿಯೂದ ತಪ್ಪತಿತ್ತಲ್ರೀ ಮಾಸ್ತರ."